ಸ್ಟ್ರೀಮರ್ ಬಂದ ಮೇಲೆ ಸಂಗೀತ ತೆಳುವಾಯಿತೆ? ಹೊಸ ಕೇಬಲ್ ಕೊಳ್ಳುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನನ್ನಲ್ಲಿ ಹಳೆಯದೊಂದು ಇಂಟಿಗ್ರೇಟೆಡ್ ಆಂಪ್ಲಿಫೈಯರ್, ಒಂದು ಜತೆ ಬುಕ್‌ಶೆಲ್ಫ್ ಸ್ಪೀಕರ್, ಒಂದು ಸಿ.ಡಿ. ಪ್ಲೇಯರ್ ಇವೆ. ಸುಮಾರು 600 ಸಿ.ಡಿ.ಗಳನ್ನು ಫ್ಲ್ಯಾಕ್ (ಗುಣ ಕಳೆಯದೆ ಗಾತ್ರ ಇಳಿಸುವ ವಿಧಾನ) ಫೈಲುಗಳಾಗಿ ಮಾಡಿ ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ. 24 ಬಿಟ್/192 ಕಿಲೋಹರ್ಟ್ಸ್‌ನ ಕೆಲವು ಆಲ್ಬಮ್‌ಗಳೂ ಇವೆ. ಡಿಸ್ಕ್ ಲ್ಯಾಪ್‌ಟಾಪಿಗೆ ಚುಚ್ಚಿದೆ, ಲ್ಯಾಪ್‌ಟಾಪ್ ವೈ-ಫೈನಲ್ಲಿದೆ. ಎರಡು ತಿಂಗಳ ಹಿಂದೆ ನೆಟ್‌ವರ್ಕಿನಿಂದ ಹಾಡು ತರಿಸಿ ನುಡಿಸುವ ಪೆಟ್ಟಿಗೆ, ಅಂದರೆ ನೆಟ್‌ವರ್ಕ್ ಸ್ಟ್ರೀಮರ್ ಒಂದನ್ನು ತಂದು, ಆಂಪಿನ ಆಕ್ಸ್ ಇನ್‌ಪುಟ್ಟಿಗೆ ಜೋಡಿಸಿದೆ. ಅಲ್ಲಿಂದ ಮೂರು ತೊಂದರೆ. 192ರ ಫೈಲುಗಳು ಮಧ್ಯದಲ್ಲಿ ನಿಂತು ನಿಂತು ಬರುತ್ತವೆ. ಆದರೆ ಫೋನಿನಿಂದ ಬ್ಲೂಟೂತ್‌ನಲ್ಲಿ ಕಳಿಸಿದರೆ ನಿಲ್ಲುವುದೇ ಇಲ್ಲ, ಇಂಟರ್ನೆಟ್ ವೇಗವೂ ಚೆನ್ನಾಗಿದೆ. ಎರಡನೆಯದು, ಅದೇ ಹಾಡು ಸಿ.ಡಿ. ಪ್ಲೇಯರಿನಲ್ಲಿ ತುಂಬಿಕೊಂಡು ಕೇಳಿದರೆ ಸ್ಟ್ರೀಮರಿನಲ್ಲಿ ತೆಳುವಾಗಿ, ಜೀವವಿಲ್ಲದಂತೆ ಕೇಳುತ್ತದೆ. ಸಿ.ಡಿ.ಗೆ ವಾಲ್ಯೂಮ್ ಗುಂಡಿ ಒಂಬತ್ತು ಗಂಟೆಯ ಜಾಗದಲ್ಲಿ ಸಾಕು, ಸ್ಟ್ರೀಮರಿಗೆ ಒಂದು ಗಂಟೆಯವರೆಗೆ ತಿರುಗಿಸಬೇಕು. ಮೂರನೆಯದು, ಲ್ಯಾನ್ ಕೇಬಲ್ ಹಾಕಿ ನೋಡಿದೆ, ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಎನ್ನುವ ಸದ್ದು ಶುರುವಾಯಿತು. ಪರಿಚಯದವರೊಬ್ಬರು ಸಂಗೀತಪ್ರಿಯರಿಗೆಂದೇ ಮಾರುವ ದುಬಾರಿ ‘ಆಡಿಯೊಫೈಲ್’ ಲ್ಯಾನ್ ಕೇಬಲ್, ಜತೆಗೆ ಅದಕ್ಕೆಂದೇ ಬರುವ ನೆಟ್‌ವರ್ಕ್ ಸ್ವಿಚ್ ತೆಗೆದುಕೊಂಡರೆ ಮೂರೂ ಸರಿಹೋಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಸ್ಟ್ರೀಮರನ್ನೇ ಮಾರಿಬಿಡಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ, ಏನನ್ನೂ ಮಾರಬೇಡಿ. ನಿಮ್ಮ ಮೂರು ದೂರುಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ಒಂದು ವೈ-ಫೈ ದಾರಿಯಲ್ಲಿದೆ, ಇನ್ನೊಂದು ಸ್ಟ್ರೀಮರಿನ ಸೆಟ್ಟಿಂಗ್ಸ್‌ನಲ್ಲಿದೆ, ಮತ್ತೊಂದು ಅರ್ತಿಂಗ್‌ನಲ್ಲಿದೆ. ದುಬಾರಿ ಕೇಬಲ್ ಇವುಗಳಲ್ಲಿ ಎರಡನ್ನು ಮುಟ್ಟುವುದೂ ಇಲ್ಲ. ಮೂರನೆಯದನ್ನು ಹೆಚ್ಚು ಮಾಡುವ ಸಾಧ್ಯತೆಯೇ ಜಾಸ್ತಿ. ಅದೇಕೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಾಡು ನಿಲ್ಲುವ ವಿಷಯ. ಇಂಟರ್ನೆಟ್ ವೇಗ ಚೆನ್ನಾಗಿದೆ ಎಂದಿದ್ದೀರಿ. ಆದರೆ ನಿಮ್ಮ ಡಿಸ್ಕಿನ ಹಾಡು ಮನೆಯಿಂದ ಹೊರಗೆ ಹೋಗುವುದೇ ಇಲ್ಲ, ಹಾಗಾಗಿ ಹೊರಗಿನ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಲ್ಯಾಪ್‌ಟಾಪಿನಿಂದ ಹೊರಟು ರೌಟರಿಗೆ ಬಂದು, ರೌಟರಿನಿಂದ ಸ್ಟ್ರೀಮರಿಗೆ ಹೋಗುತ್ತದೆ. ಎರಡೂ ಹಂತ ವೈ-ಫೈ. ಅಂದರೆ ಒಂದೇ ಹಾಡು ಅದೇ ಗಾಳಿಯಲ್ಲಿ ಎರಡು ಸಲ ಹಾಯುತ್ತಿದೆ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು ಎನ್ನುವುದು ವೈ-ಫೈನ ನಿಯಮ. ಲ್ಯಾಪ್‌ಟಾಪ್ ಕಳಿಸುವಾಗ ರೌಟರ್ ಸುಮ್ಮನಿರಬೇಕು, ರೌಟರ್ ಕಳಿಸುವಾಗ ಲ್ಯಾಪ್‌ಟಾಪ್ ಸುಮ್ಮನಿರಬೇಕು. ಇರುವ ವೇಗ ಅಲ್ಲಿಗೇ ಅರ್ಧವಾಯಿತು.

ಲೆಕ್ಕ ಹಾಕಿ ನೋಡಿ. ಸಿ.ಡಿ.ಯ ಮೂಲ ದತ್ತಾಂಶ ಸೆಕೆಂಡಿಗೆ 1,411 ಕಿಲೋಬಿಟ್. ಫ್ಲ್ಯಾಕ್ ಮಾಡಿದಾಗ ಸಾಮಾನ್ಯವಾಗಿ 700ರಿಂದ 1,000ಕ್ಕೆ ಇಳಿಯುತ್ತದೆ. 24/192ರ ಮೂಲ 9.2 ಮೆಗಾಬಿಟ್, ಫ್ಲ್ಯಾಕ್‌ನಲ್ಲಿ ಸುಮಾರು 5ರಿಂದ 6. ಎರಡು ಸಲ ಹಾಯುವುದರಿಂದ ಗಾಳಿಯಲ್ಲಿ 11 ಮೆಗಾಬಿಟ್‌ನ ಹೊರೆ ಬೀಳುತ್ತದೆ. ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. ಆದರೆ ಎರಡು ಗೋಡೆ ದಾಟಿದ 2.4 ಗಿಗಾಹರ್ಟ್ಸ್ ವೈ-ಫೈಗೆ, ಪಕ್ಕದ ಮನೆಗಳ ರೌಟರ್‌ಗಳೂ ಮೈಕ್ರೋವೇವ್ ಒಲೆಯೂ ಅದೇ ಜಾಗದಲ್ಲಿ ನೂಕಾಡುವಾಗ, ಇದೇ ಭಾರವಾಗುತ್ತದೆ. ಬ್ಲೂಟೂತ್ ನಿಲ್ಲದಿರುವುದಕ್ಕೂ ಉತ್ತರ ಇಲ್ಲಿಯೇ ಇದೆ. ಅದರ ಸಾಮಾನ್ಯ ಕೋಡೆಕ್ ಆದ ಎಸ್‌ಬಿಸಿ ಒಯ್ಯುವುದು ಹೆಚ್ಚೆಂದರೆ ಸುಮಾರು 328 ಕಿಲೋಬಿಟ್. ಹಾಡನ್ನು ಕತ್ತರಿಸಿ ಸಣ್ಣದು ಮಾಡಿಕೊಂಡು ಹೊರಟಿದೆ, ಅದಕ್ಕೇ ದಾರಿ ಸಲೀಸು. ಸ್ಟ್ರೀಮರಿನ ವೈ-ಫೈ ಕೆಟ್ಟಿದೆ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಆದರೂ ವೈ-ಫೈ ಮೇಲೆ ತಪ್ಪು ಹೊರಿಸುವ ಮೊದಲು ಹಾಡು ಯಾವಾಗ ನಿಲ್ಲುತ್ತದೆ ಎಂದು ಗಮನಿಸಿ. ಪ್ರತಿ ಸಲವೂ ಅದೇ ಹಾಡಿನ ಅದೇ ಕ್ಷಣದಲ್ಲಿ ನಿಂತರೆ ಫೈಲು ಕೆಟ್ಟಿದೆ. ಫ್ಲ್ಯಾಕ್ ಫೈಲಿನೊಳಗೇ ಮೂಲ ದತ್ತಾಂಶದ ಎಂಡಿ5 ಗುರುತು ಸಾಮಾನ್ಯವಾಗಿ ಕೂತಿರುತ್ತದೆ. ಫ್ಲ್ಯಾಕ್ ಪರೀಕ್ಷಿಸುವ ಯಾವುದೇ ಸಾಫ್ಟ್‌ವೇರ್ ಅದನ್ನು ತಾಳೆ ನೋಡಿ, ಹಾಳಾಗಿದ್ದರೆ ಹೇಳಿಬಿಡುತ್ತದೆ. ಹಾಡು ಯಾವುದೇ ಇರಲಿ, ಕೇಳಲು ಕೂತು ಹದಿನೈದೋ ಮೂವತ್ತೋ ನಿಮಿಷಕ್ಕೆ ಸರಿಯಾಗಿ ನಿಂತರೆ ಲ್ಯಾಪ್‌ಟಾಪ್ ನಿದ್ದೆಗೆ ಜಾರುತ್ತಿದೆ, ಇಲ್ಲವೇ ಡಿಸ್ಕ್ ತಿರುಗುವುದನ್ನು ನಿಲ್ಲಿಸುತ್ತಿದೆ; ಪವರ್ ಸೆಟ್ಟಿಂಗ್ಸ್‌ನಲ್ಲಿ ಎರಡನ್ನೂ ತಡೆಯಿರಿ. ಗೊತ್ತುಗುರಿಯಿಲ್ಲದೆ, ಸಂಜೆಯ ಹೊತ್ತು ಹೆಚ್ಚಾಗಿ, 192ರ ಫೈಲುಗಳಲ್ಲಿ ಮಾತ್ರ ನಿಂತರೆ ಆಗ ವೈ-ಫೈ.

ವೈ-ಫೈಯೇ ಎಂದು ಖಚಿತವಾದರೆ, ಸ್ಟ್ರೀಮರಿನ ನೆಟ್‌ವರ್ಕ್ ಪುಟದಲ್ಲಿ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಎಂದು ತೋರಿಸುತ್ತದೆಯೇ ನೋಡಿ. ಮೈನಸ್ 50ರ ಆಸುಪಾಸು ಒಳ್ಳೆಯದು, ಮೈನಸ್ 67ರವರೆಗೆ ನಡೆಯುತ್ತದೆ, ಮೈನಸ್ 75 ದಾಟಿದರೆ ಕಷ್ಟ. ಸ್ಟ್ರೀಮರನ್ನು ಆಂಪಿನ ಬೆನ್ನಿಗೆ, ಲೋಹದ ರ‍್ಯಾಕಿನ ಕೆಳ ಅಂತಸ್ತಿನಲ್ಲಿ ತುರುಕಿದ್ದರೆ ಮೇಲಕ್ಕೆ ತಂದಿಡಿ. ಕೆಲವೊಮ್ಮೆ ಒಂದಡಿ ಸರಿಸಿದರೇ ಹತ್ತು ಡಿಬಿ ಗಿಟ್ಟುತ್ತದೆ. ರೌಟರ್ ಹತ್ತಿರವಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ. ದೂರವಿದ್ದು 2.4ರಲ್ಲೇ ಇರಬೇಕಾದರೆ 1, 6, 11 ಈ ಮೂರು ಚಾನೆಲ್‌ಗಳಲ್ಲಿ ನೂಕುನುಗ್ಗಲು ಕಡಿಮೆ ಇರುವುದನ್ನು ಆರಿಸಿ. ಈ ಮೂರು ಮಾತ್ರ ಒಂದರ ಮೇಲೊಂದು ಬೀಳದ ಚಾನೆಲ್‌ಗಳು. ನಡುವಿನ 3 ಅಥವಾ 8 ಹಾಕಿದರೆ ಎರಡೂ ಕಡೆಯ ಗಲಾಟೆ ನಿಮ್ಮದಾಗುತ್ತದೆ.

ಇದಕ್ಕಿಂತ ಗಟ್ಟಿ ಪರಿಹಾರವೆಂದರೆ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬಿಡಿಸುವುದು. ನೇರವಾಗಿ ಸ್ಟ್ರೀಮರಿನ ಯುಎಸ್‌ಬಿಗೆ ಚುಚ್ಚಿದರೆ ನೆಟ್‌ವರ್ಕಿನ ಗೊಡವೆಯೇ ಇಲ್ಲ. ಆದರೆ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ ಕರೆಂಟು 500 ಮಿಲಿಆಂಪಿಯರ್ ಮಾತ್ರ. ತಿರುಗುವ ಡಿಸ್ಕಿಗೆ ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಬೇಕಾಗಬಹುದು. ಟಿಕ್ ಟಿಕ್ ಎಂದು ಪ್ರಯತ್ನಿಸಿ ಪ್ರಯತ್ನಿಸಿ ಕೈಬಿಡುವ ಸದ್ದು ಕೇಳಿದರೆ ಕೂಡಲೇ ತೆಗೆಯಿರಿ. ಹಾಗೇ ಬಿಟ್ಟರೆ ಡಿಸ್ಕೇ ಹಾಳಾಗಬಹುದು. ಅಂಥ ಕಡೆ ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್, ಇಲ್ಲವೇ ಎಸ್‌ಎಸ್‌ಡಿ ಬೇಕು. ಡಿಸ್ಕಿನ ಫಾರ್ಮ್ಯಾಟ್ ಅನ್ನು ಸ್ಟ್ರೀಮರ್ ಓದುತ್ತದೆಯೇ ಎಂದೂ ಕೈಪಿಡಿಯಲ್ಲಿ ನೋಡಿಕೊಳ್ಳಿ.

ರೌಟರಿನ ಯುಎಸ್‌ಬಿಗೆ ಚುಚ್ಚುವುದು ಇನ್ನೊಂದು ದಾರಿ. ಇಲ್ಲೊಂದು ಎಚ್ಚರಿಕೆ. ಹಳೆಯ ರೌಟರ್‌ಗಳೂ ಹಳೆಯ ಸ್ಟ್ರೀಮರ್‌ಗಳೂ ಫೈಲು ಹಂಚಿಕೊಳ್ಳಲು ಎಸ್‌ಎಂಬಿ ಎಂಬ ವ್ಯವಸ್ಥೆಯ ಮೊದಲ ಆವೃತ್ತಿಯನ್ನೇ ಕೇಳುತ್ತವೆ. 2017ರಲ್ಲಿ ವನ್ನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಅದೇ ಆವೃತ್ತಿಯ ಬಿರುಕಿನಿಂದ. ಹಾಡಿಗಾಗಿ ಆ ಬಾಗಿಲನ್ನು ಮತ್ತೆ ತೆರೆಯಬೇಡಿ. ರೌಟರಿನಲ್ಲಿ ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕಿನಲ್ಲಿ ಹಾಡು, ವಿಡಿಯೊ ಹಂಚುವ ವ್ಯವಸ್ಥೆ) ಸರ್ವರ್ ಇದ್ದರೆ ಅದನ್ನು ಬಳಸಿ. ಎಲ್ಲಕ್ಕಿಂತ ನೆಮ್ಮದಿಯದು, ಒಂದು ಸಣ್ಣ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ರೌಟರಿನ ಪಕ್ಕದಲ್ಲೇ ಲ್ಯಾನ್ ವಯರಿನಲ್ಲಿ ಕೂರುವುದು. ಆಗ ಗಾಳಿಯಲ್ಲಿ ಹಾಯುವುದು ಒಂದೇ ಸಲ.

ಇಷ್ಟಾದರೂ 192 ನಿಂತರೆ, ಸರ್ವರಿನಲ್ಲೇ 96ಕ್ಕೆ ಇಳಿಸಿ ಕಳಿಸುವ ಸೆಟ್ಟಿಂಗ್ ಹಾಕಿ. ಸಂಕೋಚ ಬೇಡ. 44.1 ಕಿಲೋಹರ್ಟ್ಸ್‌ನ ಸಿ.ಡಿ.ಯೇ 22 ಕಿಲೋಹರ್ಟ್ಸ್‌ವರೆಗಿನ ನಾದವನ್ನು ಹಿಡಿಯುತ್ತದೆ. ಮನುಷ್ಯನ ಕಿವಿ 20ಕ್ಕೆ ಮುಗಿಯುತ್ತದೆ, ವಯಸ್ಸಾದಂತೆ ಅದಕ್ಕೂ ಕೆಳಗೆ ಇಳಿಯುತ್ತದೆ. ಒಳ್ಳೆಯ ರೆಕಾರ್ಡಿಂಗ್ 96ರಲ್ಲಿಯೂ ಒಳ್ಳೆಯದೇ.

ಇನ್ನು ತೆಳು ದನಿಯ ವಿಷಯ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮಾತು ಆ ಒಂಬತ್ತು ಗಂಟೆ, ಒಂದು ಗಂಟೆಯ ಲೆಕ್ಕ. ಸಿ.ಡಿ. ಪ್ಲೇಯರ್ ಪೂರ್ತಿ ಮಟ್ಟದಲ್ಲಿ ಸುಮಾರು 2 ವೋಲ್ಟ್ ಕೊಡುತ್ತದೆ. ಸ್ಟ್ರೀಮರ್‌ಗಳ ಅನಲಾಗ್ ಔಟ್‌ಪುಟ್ಟೂ ಸಾಮಾನ್ಯವಾಗಿ ಅಷ್ಟೇ. ಹಾಗಿದ್ದ ಮೇಲೆ ಗುಂಡಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಲ್ಲಬೇಕಿತ್ತು. ನಿಲ್ಲುತ್ತಿಲ್ಲವೆಂದರೆ ಸ್ಟ್ರೀಮರಿನ ಔಟ್‌ಪುಟ್ ವೇರಿಯಬಲ್‌ನಲ್ಲಿದೆ, ಆ್ಯಪ್‌ನೊಳಗಿನ ವಾಲ್ಯೂಮ್ ಪಟ್ಟಿ ಎಲ್ಲೋ ಅರ್ಧದಲ್ಲಿದೆ. ಅಲ್ಲಿ 20 ಡೆಸಿಬೆಲ್ ಇಳಿದಿದ್ದರೆ 2 ವೋಲ್ಟ್ ಹೋಗಿ 0.2 ವೋಲ್ಟ್ ಆಗಿರುತ್ತದೆ. ಕೊರತೆಯನ್ನು ನೀವು ಆಂಪಿನಲ್ಲಿ ತುಂಬುತ್ತಿದ್ದೀರಿ, ಜತೆಗೆ ಸ್ಟ್ರೀಮರಿನ ಔಟ್‌ಪುಟ್ಟಿನ ಹಿನ್ನೆಲೆ ಸದ್ದನ್ನೂ ಎತ್ತುತ್ತಿದ್ದೀರಿ.

ಡಿಜಿಟಲ್ ವಾಲ್ಯೂಮ್ ಇಳಿಸಿದರೆ ಬಿಟ್‌ಗಳು ಕಳೆದು ಹಾಡು ಹಾಳಾಗುತ್ತದೆ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅರ್ಧ ನಿಜ. ಪ್ರತಿ 6 ಡೆಸಿಬೆಲ್‌ಗೆ ಒಂದು ಬಿಟ್ ಹೋಗುತ್ತದೆ. ಆದರೆ 16 ಬಿಟ್‌ನ ಸಿ.ಡಿ. ಹಾಡು 24 ಬಿಟ್‌ನ ಡ್ಯಾಕ್‌ನಲ್ಲಿ (ಡಿಜಿಟಲ್ ದತ್ತಾಂಶವನ್ನು ಅನಲಾಗ್ ಸಿಗ್ನಲ್ ಮಾಡುವ ಭಾಗ) ಓಡುವಾಗ 8 ಬಿಟ್, ಅಂದರೆ 48 ಡೆಸಿಬೆಲ್, ಬಿಡುವು ಇರುತ್ತದೆ. ಹೀಗಾಗಿ ತೆಳುತನಕ್ಕೆ ಕಾರಣ ಬಿಟ್‌ಗಳಲ್ಲ. ಕಾರಣ ಕಿವಿಯೇ. ಸದ್ದು ಕಡಿಮೆಯಾದಂತೆ ನಮ್ಮ ಕಿವಿ ತಗ್ಗಿನ ಸ್ವರಗಳನ್ನು ಮೊದಲು ಬಿಟ್ಟುಕೊಡುತ್ತದೆ. ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದರ ನಕ್ಷೆ ಬಿಡಿಸಿದರು. ಎರಡು ಸಾಧನಗಳಲ್ಲಿ ಒಂದು ಬರೀ ಒಂದು ಡೆಸಿಬೆಲ್ ಜೋರಾಗಿದ್ದರೂ ಅದು ಜೋರು ಎಂದು ಅನಿಸುವುದಿಲ್ಲ, ಚೆನ್ನಾಗಿದೆ ಎಂದು ಅನಿಸುತ್ತದೆ.

ಆದ್ದರಿಂದ ಆಂಪಿನ ವಾಲ್ಯೂಮನ್ನು ಪೂರ್ತಿ ಇಳಿಸಿ, ಸ್ಟ್ರೀಮರಿನ ಔಟ್‌ಪುಟ್ಟನ್ನು ಫಿಕ್ಸೆಡ್‌ಗೆ (ಆ್ಯಪ್‌ನ ವಾಲ್ಯೂಮಿಗೆ ಬಗ್ಗದ ಪೂರ್ತಿ ಮಟ್ಟ) ಬದಲಿಸಿ, ಮಟ್ಟ ಆರಿಸಲು ಬಿಟ್ಟಿದ್ದರೆ 2 ವೋಲ್ಟ್ ಹಾಕಿ, ಆಮೇಲೆ ನಿಧಾನವಾಗಿ ಗುಂಡಿ ಏರಿಸಿ. ಈ ಕ್ರಮ ತಪ್ಪಬಾರದು. ಗುಂಡಿ ಒಂದು ಗಂಟೆಯಲ್ಲೇ ಇರುವಾಗ ಫಿಕ್ಸೆಡ್ ಒತ್ತಿದರೆ ಸದ್ದು ಒಮ್ಮೆಲೇ ಇಪ್ಪತ್ತು ಡೆಸಿಬೆಲ್ ಹಾರಿ ಟ್ವೀಟರ್ ಸುಟ್ಟೀತು. ಮುಂದೆ ಎಂದಾದರೂ ವಾಲ್ಯೂಮ್ ಇಲ್ಲದ ಪವರ್ ಆಂಪಿಗೆ ಸ್ಟ್ರೀಮರನ್ನು ನೇರವಾಗಿ ಜೋಡಿಸಿದರೆ ಇದಕ್ಕೆ ತದ್ವಿರುದ್ಧ: ಅಲ್ಲಿ ಫಿಕ್ಸೆಡ್ ಹಾಕಲೇಬಾರದು. ಆಕ್ಸ್ ಖಾಲಿಯಿಲ್ಲವೆಂದು ಫೋನೋ ಇನ್‌ಪುಟ್ಟಿಗೂ ಜೋಡಿಸಬೇಡಿ. ಅದು ಗ್ರಾಮಫೋನ್ ಸೂಜಿಯ ಕೆಲವೇ ಮಿಲಿವೋಲ್ಟ್‌ಗಾಗಿ ಇರುವುದು.

ಫಿಕ್ಸೆಡ್ ಮಾಡಿದ ಮೇಲೂ ಬೇಸ್ ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಬ್‌ವೂಫರ್ ಎಂಬ ಪುಟಕ್ಕೆ ಹೋಗಿ. ಸಬ್ ಔಟ್ ಇರುವ ಸ್ಟ್ರೀಮರ್‌ಗಳಲ್ಲಿ ಕ್ರಾಸ್‌ಓವರ್ ಇರುತ್ತದೆ. ಅದು ಆನ್ ಆಗಿದ್ದರೆ 80 ಹರ್ಟ್ಸ್‌ನಿಂದ ಕೆಳಗಿನದೆಲ್ಲವನ್ನೂ ಇಲ್ಲದ ಸಬ್‌ವೂಫರ್‌ಗೆ ಕಳಿಸಿ, ನಿಮ್ಮ ಸ್ಪೀಕರ್‌ಗಳನ್ನು ಖಾಲಿ ಬಿಡುತ್ತದೆ. ತೆಳು ದನಿಯ ದೂರುಗಳಲ್ಲಿ ಇದು ಕೊನೆಗೆ ಕಣ್ಣಿಗೆ ಬೀಳುವ ಕಾರಣ, ಮೊದಲು ನೋಡಬೇಕಾದದ್ದು. ಈಕ್ವಲೈಸರ್, ರೂಮ್ ಕರೆಕ್ಷನ್, ವಾಲ್ಯೂಮ್ ನಾರ್ಮಲೈಸೇಶನ್ ಇವುಗಳನ್ನೂ ಸದ್ಯಕ್ಕೆ ಆಫ್ ಮಾಡಿಡಿ.

ಈಗ ನ್ಯಾಯವಾಗಿ ಹೋಲಿಸಿ. ಒಂದು ಸಿ.ಡಿ. ಪ್ಲೇಯರಿನಲ್ಲಿ ಹಾಕಿ, ಅದರಿಂದಲೇ ತೆಗೆದ ಫ್ಲ್ಯಾಕನ್ನು ಸ್ಟ್ರೀಮರಿನಲ್ಲಿ ಹಾಕಿ. ಮಟ್ಟ ಹೊಂದಿಸಲು 100 ಹರ್ಟ್ಸ್‌ನ ಪರೀಕ್ಷಾ ನಾದವನ್ನು ಎರಡರಲ್ಲೂ ಸಣ್ಣಗೆ ನುಡಿಸಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರಿನ ಎಸಿ ವೋಲ್ಟ್ ಅಳೆಯಿರಿ. ಸಾದಾ ಮೀಟರ್‌ಗಳು ಸಾವಿರ ಹರ್ಟ್ಸ್‌ನಲ್ಲಿ ತಪ್ಪು ಹೇಳಬಹುದು, ಅದಕ್ಕೇ 100. ಒಂದು 1.00 ವೋಲ್ಟ್ ತೋರಿದರೆ ಇನ್ನೊಂದು 0.98ರಿಂದ 1.02ರೊಳಗೆ ಬರಬೇಕು, ಅದು ಸುಮಾರು 0.2 ಡೆಸಿಬೆಲ್‌ನ ಅಂತರ. ಮೀಟರಿನ ಎರಡು ಮೊನೆಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ, ತಾಗಿದರೆ ಆಂಪಿನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಿಗೆ ಗಂಡಾಂತರ. ಆಮೇಲೆ ಇನ್‌ಪುಟ್ ಗುಂಡಿಯನ್ನು ಬೇರೆಯವರ ಕೈಗೆ ಕೊಟ್ಟು, ನೀವು ಬೆನ್ನು ತಿರುಗಿಸಿ ಕೂತು ಕೇಳಿ. ಹತ್ತು ಸಲದಲ್ಲಿ ಒಂಬತ್ತು ಸಲ ಗುರುತು ಹಿಡಿದರೆ ವ್ಯತ್ಯಾಸ ನಿಜ. ಆರೋ ಏಳೋ ಆದರೆ ಅದು ಅದೃಷ್ಟವೂ ಇರಬಹುದು.

ಕೊನೆಗೆ ಆ ಗುಂಯ್ ಸದ್ದು, ಅದರ ಜತೆಗೇ ಕೇಬಲ್ ಪುರಾಣ. ನೆಟ್‌ವರ್ಕಿನಲ್ಲಿ ಹಾಡು ಹರಿದುಬರುವುದಿಲ್ಲ, ಪೊಟ್ಟಣ ಪೊಟ್ಟಣವಾಗಿ ಬರುತ್ತದೆ. ಪ್ರತಿ ಪೊಟ್ಟಣಕ್ಕೂ ತಾಳೆ ಸಂಖ್ಯೆ ಇರುತ್ತದೆ. ಕೆಟ್ಟುಬಂದದ್ದನ್ನು ಎಸೆದು ಮತ್ತೆ ತರಿಸಿಕೊಳ್ಳಲಾಗುತ್ತದೆ. ಬಂದದ್ದು ಮೊದಲು ಬಫರಿನಲ್ಲಿ ಕೂತು, ಆಮೇಲೆ ಡ್ಯಾಕ್‌ನ ಗಡಿಯಾರಕ್ಕೆ ಸರಿಯಾಗಿ ಹೊರಡುತ್ತದೆ. ನೀವೇ ನೋಡಬಹುದು: ಹಾಡು ನಡೆಯುತ್ತಿರುವಾಗ ಲ್ಯಾನ್ ಕೇಬಲ್ ಕಿತ್ತುಬಿಡಿ. ಹಾಡು ಮುಂದುವರಿಯುತ್ತದೆ. 10 ಮೆಗಾಬೈಟಿನ ಬಫರ್ ಇದ್ದರೆ 192ರ ಫ್ಲ್ಯಾಕ್ ಸುಮಾರು ಹದಿನಾಲ್ಕು ಸೆಕೆಂಡು ನುಡಿಯುತ್ತದೆ, ಸಿ.ಡಿ. ಮಟ್ಟದ್ದಾದರೆ ಒಂದೂವರೆ ನಿಮಿಷದ ಹತ್ತಿರ. ಆ ಹೊತ್ತಿನಲ್ಲಿ ಕೇಬಲ್ ನಿಮ್ಮ ಕೈಯಲ್ಲಿದೆ, ಹಾಡು ಮೊದಲಿನಂತೆಯೇ ಇದೆ. ವೇದಿಕೆ ಅಗಲವಾಯಿತು, ಗಾಯಕಿಯ ಉಸಿರು ಕೇಳಿತು ಎನ್ನುವುದನ್ನು ಕೇಬಲ್ಲಿನ ಖಾತೆಗೆ ಬರೆಯುವ ಮೊದಲು ಈ ಪರೀಕ್ಷೆ ಮಾಡಿ. ಸಾದಾ ಕ್ಯಾಟ್ 5ಇ ವಯರು ಸೆಕೆಂಡಿಗೆ ಸಾವಿರ ಮೆಗಾಬಿಟ್ಟನ್ನು ನೂರು ಮೀಟರ್ ಒಯ್ಯುತ್ತದೆ.

ಆದರೆ ಕೇಬಲ್ ಬೇರೊಂದನ್ನು ಹೊತ್ತು ತರಬಲ್ಲದು. ಅದೇ ಆ ಗುಂಯ್. ಲ್ಯಾನ್ ಪೋರ್ಟಿನ ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಿದ್ದು, ಸಿಗ್ನಲ್ ತಂತಿಗಳ ನಡುವೆ ವಿದ್ಯುತ್ ಸಂಪರ್ಕ ಇರುವುದಿಲ್ಲ. ಶೀಲ್ಡ್ ಇರುವ ಕೇಬಲ್ಲಿನ ಲೋಹದ ತಲೆ ಈ ಏರ್ಪಾಡನ್ನು ಸುತ್ತುಹಾಕಿ, ರೌಟರ್ ಕಡೆಯ ಲೋಹವನ್ನೂ ಸ್ಟ್ರೀಮರಿನ ಲೋಹವನ್ನೂ ನೇರವಾಗಿ ಜೋಡಿಸಿಬಿಡುತ್ತದೆ. ರೌಟರಿನ ಹಿಂದೆ ಅರ್ತಿಂಗ್ ಇರುವ ಕಂಪ್ಯೂಟರೋ ಟಿ.ವಿ. ಕೇಬಲ್ಲೋ ಇದ್ದರೆ ಎರಡು ಅರ್ತ್‌ಗಳ ನಡುವೆ ಒಂದು ಸುತ್ತು ಏರ್ಪಟ್ಟು, ಕರೆಂಟಿನ ಗುನುಗು ಆಂಪಿಗೆ ನುಗ್ಗುತ್ತದೆ. ಆಡಿಯೊಫೈಲ್ ಹೆಸರಿನ ಲ್ಯಾನ್ ಕೇಬಲ್‌ಗಳಲ್ಲಿ ಅನೇಕವು ದಪ್ಪ ಶೀಲ್ಡಿನವು, ಲೋಹದ ತಲೆಯವು. ಹೆಚ್ಚಾಗಬಹುದು ಎಂದು ಮೊದಲೇ ಹೇಳಿದ್ದು ಇದಕ್ಕೇ.

ಹಾಡು ನಿಲ್ಲಿಸಿ, ಗುಂಯ್ ಕೇಳುವಷ್ಟು ವಾಲ್ಯೂಮ್ ಏರಿಸಿ, ಸ್ಟ್ರೀಮರಿನ ಬದಿಯಲ್ಲಿ ಲ್ಯಾನ್ ತಲೆಯನ್ನು ಎಳೆಯಿರಿ. ಸದ್ದು ಆ ಕ್ಷಣಕ್ಕೇ ಹೋದರೆ ದಾರಿ ಅದೇ. ಪ್ಲಾಸ್ಟಿಕ್ ತಲೆಯ, ಶೀಲ್ಡ್ ಇಲ್ಲದ ಸಾದಾ ಕ್ಯಾಟ್ 5ಇ ಅಥವಾ ಕ್ಯಾಟ್ 6 ಹಾಕಿ; ಬಹಳಷ್ಟು ಕಡೆ ಕಥೆ ಇಲ್ಲಿಗೆ ಮುಗಿಯುತ್ತದೆ. ಎಳೆದರೂ ಹೋಗದಿದ್ದರೆ ಸ್ಟ್ರೀಮರನ್ನೂ ಆಂಪನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ. ಅದಕ್ಕೂ ಬಗ್ಗದಿದ್ದರೆ ಆಪ್ಟಿಕಲ್ ಔಟ್‌ಪುಟ್ಟಿನಿಂದ ಬೇರೊಂದು ಡ್ಯಾಕ್‌ಗೆ ಹೋಗುವುದು ಕೊನೆಯ ಉಪಾಯ. ಬೆಳಕಿನ ಎಳೆಯಲ್ಲಿ ಕರೆಂಟು ಹಾಯುವುದಿಲ್ಲ. ಆದರೆ ಕೆಲವು ಆಪ್ಟಿಕಲ್ ಜೋಡಣೆಗಳು 96 ಕಿಲೋಹರ್ಟ್ಸ್‌ಗೇ ನಿಲ್ಲುತ್ತವೆ. ಒಂದನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ: ಆಂಪಿನ ಪ್ಲಗ್ಗಿನ ಅರ್ತ್ ಪಿನ್ ಕೀಳುವುದು. ಗುಂಯ್ ಹೋಗುತ್ತದೆ ನಿಜ, ಒಳಗೆ ವಯರು ಬಿಚ್ಚಿ ಪೆಟ್ಟಿಗೆಯ ಲೋಹದ ಮೈಗೆ ತಾಗಿದ ದಿನ ಆಂಪನ್ನು ಮುಟ್ಟಿದವರ ಜೀವಕ್ಕೇ ಕುತ್ತು.

ಸ್ಟ್ರೀಮರ್ ಮಾರಬೇಕೇ ಎಂದರೆ, ದನಿಯ ಕಾರಣಕ್ಕೆ ಬೇಡ. ಅದರ ನಿಜವಾದ ದೌರ್ಬಲ್ಯ ಆಯುಷ್ಯ. ಲಾಜಿಟೆಕ್ 2012ರಲ್ಲಿ ಸ್ಕ್ವೀಜ್‌ಬಾಕ್ಸ್ ಎಂಬ ತನ್ನ ಸ್ಟ್ರೀಮರ್‌ಗಳನ್ನು ನಿಲ್ಲಿಸಿತು, 2024ರಲ್ಲಿ ಅವುಗಳ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಆದರೂ ಸ್ವಂತ ಫೈಲುಗಳಿದ್ದವರ ಪೆಟ್ಟಿಗೆಗಳು ಇಂದಿಗೂ ಹಾಡುತ್ತಿವೆ. ಅವುಗಳ ಸರ್ವರ್ ಸಾಫ್ಟ್‌ವೇರ್ ಓಪನ್ ಸೋರ್ಸ್, ಈಗ ಲಿರಿಯನ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ನಿಮ್ಮ 600 ಸಿ.ಡಿ.ಗಳ ಫೈಲುಗಳೇ ನಿಮ್ಮ ಆಸ್ತಿ. ಒಂದಕ್ಕೆ 350 ಮೆಗಾಬೈಟ್ ಹಿಡಿದರೆ ಒಟ್ಟು ಸುಮಾರು 210 ಗಿಗಾಬೈಟ್, ಇನ್ನೊಂದು ಡಿಸ್ಕಿಗೆ ಒಂದೇ ರಾತ್ರಿಯಲ್ಲಿ ನಕಲಾಗುತ್ತದೆ. ಮೇಲಿನ ಯಾವ ಪ್ರಯೋಗಕ್ಕೂ ಕೈಹಾಕುವ ಮೊದಲು ಆ ನಕಲು ಮಾಡಿಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಔಟ್‌ಪುಟ್ ಫಿಕ್ಸೆಡ್ ಮಾಡುವುದಕ್ಕೆ ಎರಡು ನಿಮಿಷ ಸಾಕು, ಅದರಿಂದ ಶುರುಮಾಡಿ. ಆಮೇಲೂ ಏನಾದರೂ ಉಳಿದರೆ ಮತ್ತೆ ಬರೆಯಿರಿ: ಸ್ಟ್ರೀಮರ್ ತೋರಿಸುವ ಡಿಬಿಎಂ ಸಂಖ್ಯೆ, ಹಾಡು ನಿಂತ ಸಮಯಗಳ ಒಂದು ವಾರದ ಪಟ್ಟಿ, ನಿಮ್ಮ ಲ್ಯಾನ್ ಕೇಬಲ್ಲಿನ ತಲೆ ಲೋಹದ್ದೋ ಪ್ಲಾಸ್ಟಿಕ್ಕಿನದೋ ಎನ್ನುವುದು, ಈ ಮೂರು ಇದ್ದರೆ ಸಾಕು.